ರಸ್ತೆ ಮಧ್ಯೆ ದನ ನಿಂತಿದ್ದರೆ ಇಳಿದು ಓಡಿಸಬೇಕಾ?

‘ಹೈವೇಯಲ್ಲಿ ಹೋಗ್ತಿರ್ತೀವಿ, ಅಡ್ಡಲಾಗಿ ದನ ನಿಂತಿರತ್ತೆ. ಇಳಿದು ಓಡಿಸ್ಬೇಕಾ, ಇಲ್ಲಾ ಪಕ್ಕದಲ್ಲಿ ನುಸುಳ್ಕೊಂಡು ಹೋಗ್ಬಿಡ್ಬೇಕಾ?’ ದನಕರುಗಳ ಒಡನಾಟ ಇರುವವರನ್ನು ಜನ ಹೆಚ್ಚಾಗಿ ಕೇಳುವುದು ಇದನ್ನೇ. ನನ್ನ ಉತ್ತರ: ಇಳಿಯಬಹುದು, ಆದರೆ ಓಡಿಸಬಾರದು. ನಡೆಸಬೇಕು. ಓಡಲು ಶುರು ಮಾಡಿದ ದನ ಯಾವ ಕಡೆ ನುಗ್ಗುತ್ತದೋ ಹೇಳಲಾಗದು, ಎದುರಿನ ಲಾರಿಗೇ ನುಗ್ಗಬಹುದು. ರಸ್ತೆಯಲ್ಲಿ ಪ್ರಾಣಿಗೆ ಸಹಾಯ ಮಾಡಲು ಹೋಗಿ ಆಗುವ ಅನಾಹುತಗಳಲ್ಲಿ ಎಷ್ಟೋ ಹೀಗೆ ‘ಹೈ ಹೈ’ ಎಂದು ಅಟ್ಟಿದ್ದರಿಂದಲೇ ಆಗುವುದು.

ಇಳಿಯುವ ಮೊದಲು ನೋಡಬೇಕಾದ್ದು ದನವನ್ನಲ್ಲ, ಹಿಂದಿನಿಂದ ಬರುತ್ತಿರುವ ವಾಹನವನ್ನು. ಗಂಟೆಗೆ 80 ಕಿ.ಮೀ. ವೇಗದ ಕಾರು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಚಾಲಕ ಕಂಡು, ತಿಳಿದು, ಬ್ರೇಕಿಗೆ ಕಾಲಿಡುವ ಒಂದೂವರೆ ಸೆಕೆಂಡಿನಲ್ಲಿ 33 ಮೀಟರ್ ಹೋಯಿತು. ಅಲ್ಲಿಂದ ಒಣ ಟಾರಿನ ಮೇಲೆ ಗಾಡಿ ನಿಲ್ಲಲು ಇನ್ನೂ 35ರಿಂದ 40 ಮೀಟರ್ ಬೇಕು. ಒಟ್ಟು 70 ಮೀಟರ್ ಆಯಿತು. ರಾತ್ರಿ ಲೋ ಬೀಮ್‌ನಲ್ಲಿ ಸ್ಪಷ್ಟವಾಗಿ ಕಾಣುವುದು ಸುಮಾರು 40–50 ಮೀಟರ್ ಮಾತ್ರ. ಮಳೆ ಬಿದ್ದ ರಸ್ತೆ, ಲೋಡ್ ಆದ ಲಾರಿ ಎಂದರೆ ಈ ಲೆಕ್ಕ ಇನ್ನೂ ಕೆಡುತ್ತದೆ. ಎಮ್ಮೆಯಾದರೆ ಕೇಳುವುದೇ ಬೇಡ. ಅದು ನಿಮ್ಮ ಕಡೆ ಮುಖ ತಿರುಗಿಸಿದ್ದರಷ್ಟೇ ಕಣ್ಣು ಹೊಳೆಯುತ್ತದೆ, ಬೆನ್ನು ಹಾಕಿದ್ದರೆ ಕತ್ತಲೊಳಗೆ ಕತ್ತಲು.

ಹಾಗಾಗಿ ಗಾಡಿಯನ್ನು ದನಕ್ಕಿಂತ ಒಂದು 30 ಮೀಟರ್ ಹಿಂದೆಯೇ, ಎಡಗಡೆ ರಸ್ತೆಯಿಂದ ಪೂರ್ತಿ ಕೆಳಗಿಳಿಸಿ ನಿಲ್ಲಿಸಿ. ಹಜಾರ್ಡ್ ದೀಪ ಹಾಕಿ. ಡಿಕ್ಕಿಯಲ್ಲಿರುವ ಕೆಂಪು ತ್ರಿಕೋನವನ್ನು ಗಾಡಿಯಿಂದ ಕನಿಷ್ಠ 50 ಮೀಟರ್ ಹಿಂದೆ ಇಡಿ. ತಿರುವಿದ್ದರೆ ತಿರುವಿಗೂ ಆಚೆ. ಅದನ್ನು ಬಂಪರಿಗೆ ಒರಗಿಸಿ ನಿಲ್ಲಿಸುವವರೇ ಹೆಚ್ಚು, ಅದರಿಂದ ಏನೂ ಉಪಯೋಗವಿಲ್ಲ. ಜೊತೆಗೆ ಇನ್ನೊಬ್ಬರಿದ್ದರೆ ಅವರು ರಸ್ತೆಯಂಚಿನಿಂದ ಹೊರಗೆ ನಿಂತು ಬರುವ ಗಾಡಿಗಳಿಗೆ ಟಾರ್ಚ್ ಆಡಿಸಲಿ. ಆ ಟಾರ್ಚನ್ನಾಗಲೀ ಹೈ ಬೀಮನ್ನಾಗಲೀ ದನದ ಮುಖಕ್ಕೆ ಬಿಡಬೇಡಿ. ಕಣ್ಣು ಕುಕ್ಕಿದರೆ ಅದು ನಿಂತಲ್ಲೇ ನಿಲ್ಲುತ್ತದೆ, ಇಲ್ಲವೇ ಎತ್ತಲೋ ಹಾರುತ್ತದೆ. ಒಬ್ಬರೇ ಇದ್ದೀರಿ, ರಾತ್ರಿ, ಕಿರಿದಾದ ರಸ್ತೆ, ತಿರುವು ಬೇರೆ ಎಂದಾದರೆ ಇಳಿಯಲೇಬೇಡಿ. ಮುಂದೆ ಸುರಕ್ಷಿತವಾದ ಕಡೆ ನಿಲ್ಲಿಸಿ ಫೋನ್ ಮಾಡಿ: ರಾಷ್ಟ್ರೀಯ ಹೆದ್ದಾರಿಯಾದರೆ 1033, ಬೇರೆಲ್ಲೇ ಆದರೂ 112. ‘ತುಮಕೂರು ದಾಟಿ ಸ್ವಲ್ಪ ಮುಂದೆ’ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ. ಪಕ್ಕದ ಕಿಲೋಮೀಟರ್ ಕಲ್ಲಿನ ಸಂಖ್ಯೆ, ಯಾವ ಊರಿನ ಕಡೆ ಹೋಗುವ ಬದಿ, ಎಷ್ಟು ದನ, ನಿಂತಿವೆಯೋ ಮಲಗಿವೆಯೋ, ಇಷ್ಟು ಹೇಳಿ.

ಇನ್ನು ದನದ ವಿಷಯ. ಮಳೆಗಾಲದ ರಾತ್ರಿ ಅವು ಹೆದ್ದಾರಿಗೆ ಬಂದು ಮಲಗುವುದಕ್ಕೆ ಕಾರಣವಿದೆ. ಹಗಲಿನ ಬಿಸಿಲು ಹೀರಿದ ಟಾರು ಬೆಚ್ಚಗಿರುತ್ತದೆ, ಸುತ್ತಲಿನ ನೆಲ ಕೆಸರಾದಾಗಲೂ ಒಣಗಿರುತ್ತದೆ, ಗಾಳಿಯಾಡುವುದರಿಂದ ನೊಣ-ಸೊಳ್ಳೆ ಕಾಟ ಕಡಿಮೆ. ಇದು ಗೊತ್ತಿಲ್ಲದೆ ಪಕ್ಕದ ಚರಂಡಿ ಕಡೆ ತಳ್ಳಿ ಹೋದರೆ ನೀವು ಕಣ್ಮರೆಯಾಗುವಷ್ಟರಲ್ಲಿ ಅದು ವಾಪಸ್ ಬಂದಿರುತ್ತದೆ. ಮೊದಲೇ ಒಂದು ಜಾಗ ನೋಡಿಕೊಳ್ಳಿ: ಎತ್ತರದ ಒಣ ನೆಲ, ಹಳ್ಳಿಯ ಕಡೆ ಇಳಿಯುವ ಮಣ್ಣುದಾರಿ, ಬಸ್ ಸ್ಟಾಪಿನ ಹಿಂಭಾಗ. ದಾಟಿಸಬೇಕಾದ ಲೇನ್‌ಗಳು ಕಡಿಮೆ ಇರುವ ಕಡೆಗೇ ನಡೆಸಿ. ಡಿವೈಡರ್ ಮೇಲೆ ಹುಲ್ಲು ಮೇಯುತ್ತಿರುವ ದನವನ್ನು ಒಬ್ಬರೇ ಇಳಿಸಲು ಹೋಗಬೇಡಿ. ಅಲ್ಲಿ ಮೇಯುತ್ತಿರುವಷ್ಟು ಹೊತ್ತು ಅದು ಲೇನ್‌ನಲ್ಲಿ ಇರುವುದಕ್ಕಿಂತ ಕ್ಷೇಮ.

ಮಲಗಿದ್ದರೆ ಎಬ್ಬಿಸಬೇಕು. ದನ ಏಳುವ ರೀತಿ ಒಮ್ಮೆ ಗಮನಿಸಿ: ಮುಂಗಾಲು ಮಂಡಿಯೂರಿ, ತಲೆಯನ್ನು ಮುಂದಕ್ಕೆ ಜೋರಾಗಿ ಚಾಚಿ, ಆ ರಭಸದಲ್ಲಿ ಮೊದಲು ಹಿಂಭಾಗ ಎತ್ತುತ್ತದೆ, ಆಮೇಲೆ ಒಂದೊಂದೇ ಮುಂಗಾಲು. ಅಂದರೆ ಅದರ ಮುಂದೆ ಒಂದು ಮೀಟರ್ ಜಾಗ ಖಾಲಿ ಇರಲೇಬೇಕು. ನೀವು ಎದುರಿಗೇ ನಿಂತರೆ ಅದು ಏಳುವುದೇ ಇಲ್ಲ, ಎದ್ದರೂ ಕೊಂಬು ನಿಮ್ಮ ಹೊಟ್ಟೆಗೆ. ನುಣುಪಾದ ಕಾಂಕ್ರೀಟ್ ರಸ್ತೆಯಲ್ಲಿ ಗಾಬರಿಯಿಂದ ಎದ್ದರೆ ಹಿಂಗಾಲುಗಳು ಎರಡೂ ಕಡೆ ಜಾರಿ ಸೀಳಿಕೊಳ್ಳುತ್ತವೆ. ಆ ಪೆಟ್ಟಿನಿಂದ ಎಷ್ಟೋ ದನ ಮತ್ತೆ ಏಳುವುದಿಲ್ಲ. ಬಾಲ ತಿರುಚುವುದು, ಕಲ್ಲು ಹೊಡೆಯುವುದು ಬೇಡ. ಬೆನ್ನಿನ ಪಕ್ಕದಲ್ಲಿ ನಿಂತು ಮಾತಾಡಿಸಿ, ಸೊಂಟದ ಮೇಲೆ ಅಂಗೈಯಿಂದ ತಟ್ಟಿ. ಎದ್ದ ದನ ಒಂದು ಗಳಿಗೆ ನಿಂತು, ಮೈಮುರಿದು, ಸಾಮಾನ್ಯವಾಗಿ ಸೆಗಣಿ ಹಾಕುತ್ತದೆ. ಅಷ್ಟು ಹೊತ್ತು ಕಾಯಿರಿ.

ನಡೆಸುವುದರ ಗುಟ್ಟು ಅದರ ಭುಜದಲ್ಲಿದೆ. ಭುಜಕ್ಕಿಂತ ಹಿಂದೆ ನಿಂತು ಹತ್ತಿರವಾದರೆ ದನ ಮುಂದಕ್ಕೆ ಹೋಗುತ್ತದೆ, ಭುಜಕ್ಕಿಂತ ಮುಂದೆ ಬಂದರೆ ನಿಲ್ಲುತ್ತದೆ ಅಥವಾ ಹಿಂದಕ್ಕೆ ತಿರುಗುತ್ತದೆ. ಹಾಗೆಂದು ನೇರ ಬಾಲದ ಹಿಂದೆ ಹೋಗಬೇಡಿ, ಅಲ್ಲಿ ನೀವು ಅದಕ್ಕೆ ಕಾಣುವುದಿಲ್ಲ. ಕಾಣದ್ದು ಹತ್ತಿರ ಬಂದರೆ ಒದೆಯುತ್ತದೆ, ಮತ್ತು ದನದ ಒದೆ ಹಿಂದಕ್ಕಷ್ಟೇ ಅಲ್ಲ, ಪಕ್ಕಕ್ಕೂ ಬೀಸಿ ಬರುತ್ತದೆ. ಸೊಂಟದ ಓರೆಯಲ್ಲಿ, ನಾಲ್ಕೈದು ಹೆಜ್ಜೆ ದೂರದಿಂದ, ಎರಡೂ ಕೈ ಸ್ವಲ್ಪ ಅಗಲಿಸಿ ನಿಧಾನ ಬನ್ನಿ. ಅದು ಒಂದು ಹೆಜ್ಜೆ ಇಟ್ಟ ಕೂಡಲೇ ನೀವು ನಿಲ್ಲಬೇಕು. ನೀವು ಒತ್ತುತ್ತಲೇ ಹೋದರೆ ನಡಿಗೆ ಓಟವಾಗುತ್ತದೆ. ಈ ‘ನಿಲ್ಲುವುದು’ ಜನಕ್ಕೆ ಬರುವುದೇ ಇಲ್ಲ, ಪೇಟೆಯವರಿಗಂತೂ ಇನ್ನೂ ಕಷ್ಟ.

ಕರು ಇದ್ದರೆ ತಾಯಿ ಮತ್ತು ಕರು ಒಂದೇ ಬದಿಯಲ್ಲಿವೆಯೇ ಎಂದು ಮೊದಲು ನೋಡಿ. ತಾಯಿ ಈಚೆ, ಕರು ಆಚೆ ಇದ್ದರೆ ಎರಡರಲ್ಲಿ ಒಂದು ರಸ್ತೆಗೆ ಹಾರಿಯೇ ಹಾರುತ್ತದೆ. ಬಯಲುಸೀಮೆಯಲ್ಲಿ ಕುರಿಮಂದೆ ದಾಟುವಾಗಲೂ ಇದೇ ಕಥೆ. ನಡುವೆ ಒಂದು ಸಂದು ಕಂಡಿತೆಂದು ಗಾಡಿ ತೂರಿಸಿದರೆ ಮಂದೆ ಎರಡಾಗುತ್ತದೆ, ಹಿಂದುಳಿದ ಕುರಿ ಚಕ್ರ ನೋಡದೆ ಓಡುತ್ತದೆ. ಕೊನೆಯ ಮರಿ ದಾಟುವವರೆಗೂ ಎಂಜಿನ್ ಆಫ್ ಮಾಡಿ ಕೂತಿರಿ, ಹಾರ್ನ್ ಮುಟ್ಟಬೇಡಿ. ಗೂಳಿಯಾದರೆ ಅದು ಅಡ್ಡಲಾಗಿ ಮೈ ತೋರಿಸಿ, ತಲೆ ತಗ್ಗಿಸಿ, ಕಾಲಲ್ಲಿ ನೆಲ ಕೆರೆಯತೊಡಗಿತೆಂದರೆ ನಿಮ್ಮ ಕೆಲಸ ಮುಗಿಯಿತು. ಬೆನ್ನು ತೋರಿಸದೆ ಹಿಂದೆ ಸರಿದು ಕಾರಿನೊಳಗೆ ಕೂರಿ.

ಬೆಂಗಳೂರು–ಮೈಸೂರು ಹೆದ್ದಾರಿಯಂಥ ಬೇಲಿ ಹಾಕಿದ ರಸ್ತೆಗಳಲ್ಲಿ ಬೇರೊಂದು ತೊಡಕು. ಬೇಲಿ ಮುರಿದ ಕಡೆ ಒಳಗೆ ಬಂದ ಪ್ರಾಣಿಗೆ ಹೊರಗೆ ಹೋಗುವ ದಾರಿ ಸಿಗುವುದಿಲ್ಲ, ಬೇಲಿಯುದ್ದಕ್ಕೂ ಓಡಾಡುತ್ತದೆ. ಅಲ್ಲಿ ಎಡಕ್ಕೆ ತಳ್ಳಿದರೆ ಸಾಲದು, ಗಸ್ತು ವಾಹನ ಬಂದು ಲೇನ್ ಮುಚ್ಚಿ, ಬಂದ ಕಿಂಡಿಯ ಕಡೆಗೇ ನಡೆಸಬೇಕು. 1033ಕ್ಕೆ ಹೇಳುವಾಗ ಬೇಲಿ ಎಲ್ಲಿ ಮುರಿದಿದೆ ಎಂದು ಕಂಡಿದ್ದರೆ ಅದನ್ನೂ ಹೇಳಿ.

‘ಹಗ್ಗ ಹಾಕಿ ಕಟ್ಟಿಬಿಟ್ಟರೆ?’ ಅಂತ ಕೆಲವರು ಕೇಳುತ್ತಾರೆ. ಸಾಧು ಹಸುವಾದರೆ ಕಟ್ಟಬಹುದು. ಬಾಳೆಹಣ್ಣಿನ ಸಿಪ್ಪೆಯನ್ನೋ ಒಂದು ಹಿಡಿ ಹುಲ್ಲನ್ನೋ ತೋರಿಸಿ, ಕುತ್ತಿಗೆಗೆ ಹಗ್ಗ ಹಾಕಿ. ಜೀರುಗುಣಿಕೆ ಮಾತ್ರ ಹಾಕಬೇಡಿ, ಎಳೆದಷ್ಟೂ ಬಿಗಿದು ಉಸಿರು ಕಟ್ಟುತ್ತದೆ. ಕುಣಿಕೆ ಜಾರದಂತೆ ಗಂಟು ಹಾಕಿ, ನಾಲ್ಕು ಬೆರಳು ಸಲೀಸಾಗಿ ಹೋಗುವಷ್ಟು ಸಡಿಲ ಬಿಡಿ. ಹಗ್ಗದ ಇನ್ನೊಂದು ತುದಿಯನ್ನು ಕೈಗೆ ಸುತ್ತಿಕೊಳ್ಳಬೇಡಿ, 400 ಕಿಲೋ ತೂಗುವ ಮಿಶ್ರತಳಿ ಹಸು ಬೆದರಿದರೆ ಬೆರಳು ಉಳಿಯುವುದಿಲ್ಲ. ಕಾರಿಗಂತೂ ಕಟ್ಟಲೇಬೇಡಿ.

ಅದು ನಿಜಕ್ಕೂ ಬಿಡಾಡಿ ದನವೋ ಯಾರದೋ ಮನೆಯದೋ ಎಂದು ತಿಳಿಯಲು ಕಿವಿ ನೋಡಿ. ಹಳದಿ ಬಿಲ್ಲೆಯ ಮೇಲೆ 12 ಅಂಕಿಯ ಸಂಖ್ಯೆ ಇದ್ದರೆ ಹತ್ತಿರದ ಪಶು ಆಸ್ಪತ್ರೆಯವರು ಅದರಿಂದ ಮಾಲೀಕರನ್ನು ಹುಡುಕಬಲ್ಲರು, ಫೋಟೋ ತೆಗೆದಿಟ್ಟುಕೊಳ್ಳಿ. ಮೂಗುದಾರ, ಕೊಂಬಿಗೆ ಬಣ್ಣ, ಕುತ್ತಿಗೆಯಲ್ಲಿ ಹಗ್ಗ ಉಜ್ಜಿದ ಗುರುತು, ಇವೂ ಸುಳಿವೇ. ಸಂಜೆ ಹೊತ್ತು ಕೆಚ್ಚಲು ತುಂಬಿಕೊಂಡು ಒಂದೇ ದಿಕ್ಕಿಗೆ ನಡೆಯುತ್ತಿರುವ ಹಸು ಕಳೆದುಹೋಗಿಲ್ಲ, ಹಾಲು ಕರೆಸಿಕೊಳ್ಳಲು ಮನೆಗೆ ಹೊರಟಿದೆ. ಅದಕ್ಕೆ ರಸ್ತೆ ದಾಟಿಸಿದರೆ ಸಾಕು. ‘ಪಾಪ’ ಎಂದು ಟೆಂಪೋಗೆ ಹತ್ತಿಸಿ ಗೋಶಾಲೆಗೆ ಸಾಗಿಸಲು ಹೋಗಬೇಡಿ. ಒಂದು, ಅದು ಯಾರದೋ ಆಸ್ತಿ. ಇನ್ನೊಂದು, 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆಯ ನಂತರ ದಾಖಲೆಯಿಲ್ಲದ ದನದ ಗಾಡಿಯನ್ನು ದಾರಿಯಲ್ಲಿ ತಡೆದರೆ ಉತ್ತರ ಕೊಡುವವರು ನೀವೇ. ಸಾಗಿಸಲೇಬೇಕಾದರೆ ಮೊದಲು 112ಕ್ಕೋ ಸ್ಥಳೀಯ ಠಾಣೆಗೋ ತಿಳಿಸಿ.

ಗಾಡಿ ಗುದ್ದಿ ಬಿದ್ದಿರುವ ದನಕ್ಕೆ ಮೊದಲು ಮಾಡಬೇಕಾದ್ದು ಅದನ್ನು ಎದೆಯ ಮೇಲೆ ಕೂರಿಸುವುದು. ಪೂರ್ತಿ ಅಡ್ಡ ಮಲಗಿದರೆ ಹೊಟ್ಟೆಯ ಗಾಳಿ ಹೊರಗೆ ಬರಲಾಗದೆ ಉಬ್ಬರವಾಗುತ್ತದೆ, ಅದು ಶ್ವಾಸಕೋಶವನ್ನು ಒತ್ತುತ್ತದೆ. ಪೆಟ್ಟಿನಿಂದ ಬದುಕಿದ್ದೂ ಇದರಿಂದ ಸಾಯುತ್ತದೆ. ಮೂರ್ನಾಲ್ಕು ಜನ ಸೇರಿ, ಬೆನ್ನುಮೂಳೆ ಮುರಿದಂತೆ ಕಾಣದಿದ್ದರೆ, ನಿಧಾನಕ್ಕೆ ಎತ್ತಿ ಕೂರಿಸಿ ಪಕ್ಕಕ್ಕೆ ಮರಳಿನ ಚೀಲವೋ ಹುಲ್ಲಿನ ಹೊರೆಯೋ ಒತ್ತುಕೊಡಿ. ಬಾಯಿಗೆ ನೀರು ಹೊಯ್ಯಬೇಡಿ. ಬಾಟಲಿ ತುರುಕಿ ನೀರು ಕುಡಿಸುವುದು ನಮ್ಮ ಜನರ ಮೊದಲ ಕೆಲಸ. ನುಂಗುವ ಶಕ್ತಿ ಇಲ್ಲದ ದನಕ್ಕೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆ ಮಡಿಸಿಟ್ಟು ಐದು ನಿಮಿಷ ಬಿಡದೆ ಒತ್ತಿ ಹಿಡಿಯಿರಿ, ನಡುನಡುವೆ ತೆಗೆದು ನೋಡಬೇಡಿ. 1962 ಪಶು ಸಂಜೀವಿನಿ ಆಂಬುಲೆನ್ಸಿನ ಸಂಖ್ಯೆ. ಒಂದು ಎಚ್ಚರಿಕೆ: ಪೆಟ್ಟೇನೂ ಕಾಣದೆ ಜೊಲ್ಲು ಸುರಿಸುತ್ತ, ನುಂಗಲಾಗದೆ ನಿಂತಿರುವ ದನದ ಬಾಯಿಗೆ ‘ಏನೋ ಸಿಕ್ಕಿಕೊಂಡಿದೆ’ ಎಂದು ಕೈ ಹಾಕಬೇಡಿ. ಅದು ರೇಬೀಸ್ ಆಗಿರಬಹುದು.

ನಾಯಿಯ ವಿಷಯದಲ್ಲಿ ಹೇಳುವುದು ಕಡಿಮೆ. ತಪ್ಪಿಸಿಕೊಂಡ ಸಾಕುನಾಯಿಯ ಹಿಂದೆ ಹೆಸರು ಕೂಗುತ್ತ ಓಡಿದರೆ ಅದು ಇನ್ನೂ ದೂರ ಓಡುತ್ತದೆ. ರಸ್ತೆಯಾಚೆ, ಅದಕ್ಕೆ ಪಕ್ಕ ತಿರುಗಿ ಕುಕ್ಕರುಗಾಲಲ್ಲಿ ಕೂತು, ಕಣ್ಣಿಗೆ ಕಣ್ಣು ಕೊಡದೆ ಬಿಸ್ಕತ್ತು ಚೆಲ್ಲಿ. ಕಾರಿನ ಹಿಂಬಾಗಿಲು ತೆರೆದಿಟ್ಟರೆ ಎಷ್ಟೋ ಸಾಕುನಾಯಿಗಳು ತಾವಾಗಿಯೇ ಹತ್ತುತ್ತವೆ. ಪೆಟ್ಟಾದ ನಾಯಿ ಎಷ್ಟೇ ಸಾಧುವಾದರೂ ಕಚ್ಚುತ್ತದೆ. ದುಪಟ್ಟಾದಿಂದ ಮೂತಿಗೆ ಒಂದು ಸುತ್ತು ಹಾಕಿ, ಗದ್ದದ ಕೆಳಗೆ ತಂದು, ಕಿವಿಯ ಹಿಂದೆ ಕಟ್ಟಿ. ವಾಂತಿ ಮಾಡುತ್ತಿದ್ದರೆ, ಏದುಸಿರಿದ್ದರೆ ಕಟ್ಟಬೇಡಿ. ಕಂಬಳಿಯ ಮೇಲೆ ಜಾರಿಸಿ ನಾಲ್ಕು ಮೂಲೆ ಹಿಡಿದು ಎತ್ತಿ. ಒಸಡು ಬಿಳಿಚಿದ್ದರೆ ಒಳಗೆ ರಕ್ತಸ್ರಾವ ಆಗುತ್ತಿರಬಹುದು, ತಡಮಾಡುವಂತಿಲ್ಲ. ಕಿವಿಯಲ್ಲಿ ಕತ್ತರಿಸಿದ ಗುರುತಿದ್ದರೆ ಅದು ಸಂತಾನಹರಣ ಆದ ಬೀದಿನಾಯಿ, ಗುಣವಾದ ಮೇಲೆ ಅದೇ ಬೀದಿಗೆ ಬಿಡಬೇಕು. ಕಚ್ಚಿತೋ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ ಮೆತ್ತಬೇಡಿ.

ಕಾಡಿನ ರಸ್ತೆಯಲ್ಲಿ ಮೇಲಿನ ಯಾವುದೂ ಅನ್ವಯಿಸುವುದಿಲ್ಲ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಲ್ಲಿಸಿರುವುದೇ ಪ್ರಾಣಿಗಳು ಗಾಡಿಗೆ ಸಿಕ್ಕಿ ಸಾಯುತ್ತಿದ್ದುದರಿಂದ. ಹಗಲಲ್ಲಿ ಆನೆ ಅಡ್ಡ ನಿಂತರೆ ದೂರದಲ್ಲೇ ನಿಲ್ಲಿಸಿ, ಹಾರ್ನ್ ಮಾಡದೆ ಕಾಯಿರಿ, ಹತ್ತಿರ ಬಂದರೆ ರಿವರ್ಸ್ ತೆಗೆಯಿರಿ. ಒಂಟಿ ಜಿಂಕೆಮರಿ ಕಂಡರೆ ಎತ್ತಿಕೊಳ್ಳಬೇಡಿ. ತಾಯಿ ಪೊದೆಯಲ್ಲೇ ಇರುತ್ತದೆ.

ಇಳಿದು ಕೈಯಲ್ಲಿ ಎತ್ತಬಹುದಾದ ಕಾಡುಜೀವಿ ಒಂದಿದ್ದರೆ ಅದು ಬಯಲುಸೀಮೆಯ ರಸ್ತೆಗಳಲ್ಲಿ ಮಳೆ ಬಿದ್ದಾಗ ಸಿಗುವ ನಕ್ಷತ್ರ ಆಮೆ. ಎರಡೂ ಕೈಯಿಂದ ಚಿಪ್ಪಿನ ಪಕ್ಕ ಹಿಡಿದು, ನೆಲಕ್ಕೆ ಹತ್ತಿರದಲ್ಲೇ ಇಟ್ಟುಕೊಂಡು (ಉಚ್ಚೆ ಹೊಯ್ದರೆ ಬೆಚ್ಚಿ ಕೈಬಿಡುತ್ತೀರಿ), ಅದು ಯಾವ ಕಡೆ ಮುಖ ಮಾಡಿತ್ತೋ ಆ ಬದಿಗೆ ದಾಟಿಸಿ. ಬಂದ ಬದಿಗೆ ಬಿಟ್ಟರೆ ಮತ್ತೆ ರಸ್ತೆಗೇ ಬರುತ್ತದೆ. ‘ಆಮೆ ಅಲ್ವಾ’ ಎಂದು ಕೆರೆಗೆ ಬಿಡುವವರಿದ್ದಾರೆ. ಇದು ನೆಲದ ಆಮೆ, ಈಜು ಬರದು, ಮುಳುಗಿ ಸಾಯುತ್ತದೆ. ಮನೆಗೆ ತಂದರೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕೇಸು. ಚಿಪ್ಪು ಒಡೆದಿದ್ದರೆ ಗಾಳಿಯಾಡುವ ರಟ್ಟಿನ ಡಬ್ಬದಲ್ಲಿಟ್ಟು ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ.