ಸೊನ್ನೆಗಿಂತ ಕಡಿಮೆ ಬಿಲ್ಲು

"ಸೊನ್ನೆಗಿಂತ ಕಡಿಮೆ ಬಿಲ್ಲು ಬರ್ತದಾ ಮೇಡಂ?"

ಭಾನುವಾರ ನಮ್ಮ ಫ್ಲ್ಯಾಟಿನ ಮೀಟಿಂಗಿನಲ್ಲಿ ಎರಡನೇ ಮಹಡಿಯ ನಿವೃತ್ತ ಎಂಜಿನಿಯರರು ಕೇಳಿದ ಪ್ರಶ್ನೆ ಇದು. ಕೇಳಿದ್ದು ನನ್ನನ್ನಲ್ಲ, ಐದನೇ ಮಹಡಿಯ ಹುಡುಗಿಯನ್ನು. ಆದರೂ ವಾರವಿಡೀ ನನ್ನ ತಲೆಯಲ್ಲಿ ಅದೇ ಸುತ್ತುತ್ತಿದೆ. ಬಸ್ಸಿನಲ್ಲಿ ಕೂತಾಗ, ಕುಚ್ಚಲಕ್ಕಿ ತೊಳೆಯುವಾಗ, ರಾತ್ರಿ ಎಸಿ ರಿಮೋಟು ಹುಡುಕುವಾಗ.

ವಿಷಯ ಇಷ್ಟೇ. ಟೆರೇಸಿನಲ್ಲಿ ಸೋಲಾರ್ ಹಾಕಿಸಬೇಕೋ ಬೇಡವೋ. ಲಿಫ್ಟು, ನೀರಿನ ಪಂಪು, ಮೆಟ್ಟಿಲಿನ ಲೈಟು, ಇದಕ್ಕೆಲ್ಲ ಬೇರೆ ಮೀಟರ್ ಇದೆ. ಅದರ ದುಡ್ಡು ಮೇಂಟೆನೆನ್ಸಿನಲ್ಲಿ ಹೋಗುತ್ತದೆ. ಹುಡುಗಿ ಚೆನ್ನಾಗಿಯೇ ಓದಿಕೊಂಡು ಬಂದಿದ್ದಳು. 2024ರಲ್ಲಿ ಶುರುವಾದ ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ ಒಂದು ಮನೆಗೆ 3 ಕಿಲೋವ್ಯಾಟ್ ಹಾಕಿಸಿದರೆ 78,000 ರೂಪಾಯಿ ಸಬ್ಸಿಡಿ. ಫ್ಲ್ಯಾಟಿನ ಲಿಫ್ಟು, ಪಂಪಿಗೆ ಅಂತ ಹಾಕಿಸಿದರೆ ಕಿಲೋವ್ಯಾಟಿಗೆ 18,000. ಒಂದು ಕಿಲೋವ್ಯಾಟಿಗೆ ಹೆಚ್ಚುಕಡಿಮೆ 100 ಚದರಡಿ ಜಾಗ ಬೇಕು, ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಬರುತ್ತದೆ. ಮೊದಲು ಲಿಫ್ಟಿನ ಮೀಟರಿಗೆ ಹಾಕುವಾ, ಆಮೇಲೆ ಬೇಕಾದ ಮನೆಯವರು ಸೇರಿಕೊಳ್ಳಲಿ ಅಂತ ಅವಳ ಲೆಕ್ಕ.

"ಜೂನ್, ಜುಲೈಯಲ್ಲೂ ನಾಲ್ಕು ಬರ್ತದಾ?" ಅಂತ ಯಾರೋ ಕೇಳಿದರು. ಇಲ್ಲ, ಮಳೆಗಾಲದಲ್ಲಿ ತುಂಬಾ ಕಡಿಮೆ, ವರ್ಷದ ಲೆಕ್ಕ ಹಿಡಿಯಬೇಕು ಅಂದಳು. ಅಷ್ಟರಲ್ಲಿ ಎಂಜಿನಿಯರರು ಕುರ್ಚಿ ಮುಂದೆ ಎಳೆದುಕೊಂಡರು.

"ಸರ್ಕಾರದ ಫ್ರೀ ಕರೆಂಟು ಉಂಟಲ್ಲ, ಗೃಹಜ್ಯೋತಿ, ಅದರಲ್ಲಿ ನನ್ನ ಮನೆ ಬಿಲ್ಲು ಸೊನ್ನೆ. ಇಲ್ಲಿ ಕೂತವರಲ್ಲಿ ಮುಕ್ಕಾಲು ಜನರದ್ದು ಸೊನ್ನೆ. ಸೊನ್ನೆಗಿಂತ ಕಡಿಮೆ ಬಿಲ್ಲು ಬರ್ತದಾ ಮೇಡಂ?"

"ಅಂಕಲ್, ಇದು ಬಿಲ್ಲಿನ ವಿಷಯ ಅಲ್ಲ. ಕ್ಲೈಮೇಟಿನ ವಿಷಯ."

ಎಲ್ಲರೂ ನಕ್ಕರು. ಅವಳಿಗೆ ಅವಮಾನವಾಯಿತು ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು. ನಕ್ಕವರಲ್ಲಿ ಅರ್ಧ ಜನ ಆಗ ರಟ್ಟಿನ ತುಂಡಿನಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದರು. ಏಪ್ರಿಲ್ ಸೆಕೆ, ಪಾರ್ಕಿಂಗಿನಲ್ಲಿ ಒಂದೇ ಫ್ಯಾನು.

ಈ ಎಂಜಿನಿಯರರ ಬಗ್ಗೆ ಒಂದು ಮಾತು ಹೇಳಲೇಬೇಕು. ನನಗೆ ಅವರನ್ನು ಕಂಡರೆ ಅಷ್ಟಕ್ಕಷ್ಟೇ. ನೋಟಿಸ್ ಬೋರ್ಡಿನಲ್ಲಿ ಕೆಂಪು ಪೆನ್ನಿನಿಂದ ಅಡಿಗೆರೆ ಎಳೆದು ಬರೆಯುವವರು ಅವರೇ. ವಾರಾಹಿ ಪವರ್ ಹೌಸ್ ಕಟ್ಟುವಾಗ ಅಲ್ಲಿ ಕೆಲಸ ಮಾಡಿದವರು, ಅದನ್ನು ಹೇಳದೆ ಅವರ ಯಾವ ಮೀಟಿಂಗೂ ಮುಗಿಯುವುದಿಲ್ಲ. ಹೊಸಂಗಡಿಯಲ್ಲಿ ಗುಡ್ಡದ ಹೊಟ್ಟೆ ಕೊರೆದು, ನೆಲದಡಿ 115 ಮೆಗಾವ್ಯಾಟಿನ ನಾಲ್ಕು ಯಂತ್ರ ಕೂರಿಸಿದ್ದು, ಒಟ್ಟು 460. ಕೇಳಿ ಕೇಳಿ ನಮಗೂ ಬಾಯಿಪಾಠ. ಆದರೆ ಗೊತ್ತಿಲ್ಲದೆ ಮಾತಾಡುವ ಮನುಷ್ಯ ಅಲ್ಲ. ತೊಂದರೆ ಇರುವುದೇ ಅಲ್ಲಿ.

"ಸೆಕೆ ಎಪ್ಪತ್ತರಲ್ಲೂ ಇತ್ತು. ಆಗ ಫ್ಯಾನು ಕೂಡ ಇರಲಿಲ್ಲ, ನೀವು ಯಾರೂ ಹುಟ್ಟಿರಲೂ ಇಲ್ಲ" ಅಂದರು. ಕಾರ್ಖಾನೆಗಳು ಬರುವ ಮೊದಲು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 280 ಪಾಲು ಇದ್ದ ಇಂಗಾಲದ ಡೈಆಕ್ಸೈಡ್ ಈಗ 420 ದಾಟಿದೆ, 2024 ಅಳತೆ ಸಿಕ್ಕಿದ ವರ್ಷಗಳಲ್ಲೇ ಅತಿ ಬಿಸಿ ವರ್ಷ ಅಂತ ಹುಡುಗಿ ಹೇಳಿದಳು. "ಗೊತ್ತುಂಟು, ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ 1958ರಿಂದ ಅಳೀತಾ ಇದ್ದಾರೆ. ಅದು ಹವಾಯಿ, ಇದು ಮಂಗಳೂರು" ಅಂದರು! ಗಾಳಿಗೆ ಪಂಚಾಯತಿನ ಗಡಿ ಇದೆಯಾ? ಮೌನಾ ಲೋವಾ ಗೊತ್ತಿರುವವರಿಗೆ ಅದು ಗೊತ್ತಿಲ್ಲದೆ ಇರುತ್ತದಾ? ಗೊತ್ತಿದ್ದೇ ಹೇಳುತ್ತಾರೆ. ಅದು ನನಗೆ ಜಾಸ್ತಿ ಸಿಟ್ಟು ತರಿಸುತ್ತದೆ.

ಸೋಮೇಶ್ವರ ಉಚ್ಚಿಲ ತವರಾಗಿರುವ ಒಬ್ಬರು ಮಧ್ಯೆ ಬಾಯಿ ಹಾಕಿದರು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಅವರ ತವರಿನ ಹಿಂದಿನ ತೆಂಗಿನ ಮರಗಳು ಸಮುದ್ರಕ್ಕೆ ಹೋಗಿದ್ದವು. ಹುಡುಗಿಗೆ ಬಲ ಸಿಕ್ಕಿತು ಅಂದುಕೊಂಡೆ. ಆದರೆ ಅವರೇ ಮುಂದುವರಿಸಿದರು, "ಕಡಲ್ಕೊರೆತ ಮೊದಲೂ ಇತ್ತು. ಅಳಿವೆಬಾಗಿಲಲ್ಲಿ ಕಲ್ಲಿನ ತಡೆಗೋಡೆ ಹಾಕಿದ ಮೇಲೆ ನಮ್ಮ ಕಡೆ ಜಾಸ್ತಿ ಆಯ್ತು. ಎಲ್ಲಾ ಕ್ಲೈಮೇಟ್ ಅಂತ ಹೇಳಿದ್ರೆ ಗೋಡೆ ಹಾಕಿದವರು ಬಚಾವ್." ಇಡೀ ಮೀಟಿಂಗಿನಲ್ಲಿ ನನಗೆ ಸರಿ ಅನ್ನಿಸಿದ ಮಾತು ಇದೊಂದೇ. ಅರಬ್ಬಿ ಸಮುದ್ರ ಬಿಸಿಯಾಗುತ್ತಿರುವುದೂ ನಿಜ, ಮರಳು ಬರುವ ದಾರಿಗೆ ನಾವು ಕಲ್ಲು ಹಾಕಿದ್ದೂ ನಿಜ. ಎರಡನ್ನೂ ಒಟ್ಟಿಗೆ ಹೇಳುವವರು ಮಾತ್ರ ಕಡಿಮೆ.

ಆಮೇಲೆ ಸೋಲಾರ್ ಎಲ್ಲೋ ಹೋಯಿತು, ಕೈಗಾದ ಅಣುಸ್ಥಾವರದ ಮಾತು ಬಂತು. ಮೊದಲನೇ ಮಹಡಿಯಲ್ಲಿ ಒಬ್ಬರು ನಿವೃತ್ತ ಮಾಸ್ಟ್ರು ಇದ್ದಾರೆ. ಕೋಟದ ಶಿವರಾಮ ಕಾರಂತರು 1989ರಲ್ಲಿ, 87ರ ವಯಸ್ಸಿನಲ್ಲಿ, ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತರಲ್ಲ, ಕೈಗಾ ಬೇಡ ಅಂತ, ಆಗ ಮನೆಮನೆಗೆ ಕರಪತ್ರ ಹಂಚಿದವರು ಇವರು. ಕಾರಂತರು ಸೋತರು. 1994ರಲ್ಲಿ ಕಟ್ಟುತ್ತಿದ್ದ ಸ್ಥಾವರದ ಗುಮ್ಮಟವೇ ಕುಸಿದಾಗ "ಹೇಳಿದ್ದೆವಲ್ಲ" ಅಂದವರೂ ಇದೇ ಮಾಸ್ಟ್ರು. ಎಂಜಿನಿಯರರು ಬಿಡುತ್ತಾರಾ? ಅದೇ ಕೈಗಾದ ಒಂದನೇ ಘಟಕ 2018ರಲ್ಲಿ ನಿಲ್ಲದೆ 962 ದಿನ ಓಡಿ ಆಗಿನ ವಿಶ್ವದಾಖಲೆ ಮಾಡಿದ್ದನ್ನು ಹೇಳಿದರು. ಸ್ವಾರಸ್ಯ ಇರುವುದು ಮುಂದೆ. ಹುಡುಗಿ ಎಂಜಿನಿಯರರ ಪರ ನಿಂತಳು! ಹೊಗೆ ಬಿಡದ ಕರೆಂಟು, ರಾತ್ರಿಯೂ ಬರ್ತದೆ, ನಮಗೆ ಅದೂ ಬೇಕು ಅಂದಳು. ಮಾಸ್ಟ್ರು ಅವಳನ್ನು ನೋಡಿದ ನೋಟ ಹೇಗಿತ್ತೆಂದರೆ ಮೊಮ್ಮಗಳು ಹೇಳದೆ ಕೇಳದೆ ಮದುವೆಯಾಗಿ ಬಂದ ಹಾಗೆ.

ಮಾಸ್ಟ್ರಿಗೆ ಕಲ್ಲಿದ್ದಲು ಬೇಡ, ಅಣು ಬೇಡ. ಶರಾವತಿಯಲ್ಲಿ 2000 ಮೆಗಾವ್ಯಾಟಿನ ಯೋಜನೆ ಅಂತೂ ಬೇಡವೇ ಬೇಡ. ಹಗಲು ಸೋಲಾರ್ ಕರೆಂಟು ಹೆಚ್ಚಾದಾಗ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಲಕಳಲೆ ಜಲಾಶಯಕ್ಕೆ ಎತ್ತಿ, ಸಂಜೆ ಕೆಳಗೆ ಬಿಟ್ಟು ಕರೆಂಟು ಮಾಡುವ ಯೋಜನೆ ಅದು. ಅದಕ್ಕೆ ಸಿಂಗಳೀಕಗಳ ಕಾಡು ಕಡಿಯಬೇಕು. ಅಡಿಕೆ ತೋಟದ ಮೇಲೆ ಹೈಟೆನ್ಷನ್ ಲೈನೂ ಅವರಿಗೆ ಬೇಡ.

"ಮಾಸ್ಟ್ರೇ, ಹಾಗಾದ್ರೆ ಲಿಫ್ಟಿಗೆ ಎಂತ ಹಾಕುದು?"

"ನಾನು ಮೆಟ್ಟಿಲಲ್ಲೇ ಬರುದು."

ನಿಜ, ಅವರು ಲಿಫ್ಟು ಹತ್ತುವುದಿಲ್ಲ. ಆದರೆ ಅವರ ಮನೆ ಮೊದಲನೇ ಮಹಡಿ.

ಈಗ ಆ ಸೊನ್ನೆಗೆ ಬರುತ್ತೇನೆ. ಗೃಹಜ್ಯೋತಿ ತಪ್ಪು ಅಂತ ನಾನು ಹೇಳುವುದಿಲ್ಲ. ನಮ್ಮಲ್ಲಿ ಕೆಲಸಕ್ಕೆ ಬರುವವಳು ಈಗ ರಾತ್ರಿಯಿಡೀ ಫ್ಯಾನು ಹಾಕಿ ಮಲಗುತ್ತಾಳೆ, ಮೊದಲು ಹೆದರುತ್ತಿದ್ದಳು. ಆದರೆ ಬಿಲ್ಲಿನಲ್ಲಿ ಯೂನಿಟ್ ಎಷ್ಟು ಅಂತ ಮೇಲೆ ಇರುತ್ತದೆ, ಕೆಳಗೆ ಕಟ್ಟಬೇಕಾದ ಮೊತ್ತ ಸೊನ್ನೆ. ನಾವು ನೋಡುವುದು ಕೆಳಗಿನದ್ದನ್ನು ಮಾತ್ರ. ಮೇಲಿನ ಯೂನಿಟ್ ಎಲ್ಲಿಂದಲೋ ಬಂದಿರುತ್ತದಲ್ವಾ? ಪಡುಬಿದ್ರಿ ಹತ್ತಿರ ಎಲ್ಲೂರಿನಲ್ಲಿ 1200 ಮೆಗಾವ್ಯಾಟಿನ ಸ್ಥಾವರ ಇದೆ. ಹೊರದೇಶದ ಕಲ್ಲಿದ್ದಲು ಹಡಗಿನಲ್ಲಿ ಪಣಂಬೂರಿಗೆ ಬಂದು, ಅಲ್ಲಿಂದ ರೈಲಿನಲ್ಲಿ ಹೋಗುತ್ತದೆ. ಉಡುಪಿಗೆ ಹೋಗುವಾಗ ಅದರ ಚಿಮಣಿ ಕಾಣುತ್ತದೆ, ನಾವು ಮೊಬೈಲ್ ನೋಡುತ್ತಿರುತ್ತೇವೆ. ಸುತ್ತಲಿನ ಮಲ್ಲಿಗೆ ಬೆಳೆಗಾರರು ಬೂದಿ, ಉಪ್ಪುನೀರಿನ ಹನಿ ಅಂತ ವರ್ಷಗಟ್ಟಲೆ ದೂರಿದ್ದಾರೆ. 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 52 ಕೋಟಿ ರೂಪಾಯಿ ಪರಿಹಾರ ಕಟ್ಟಲು ಆದೇಶ ಮಾಡಿತ್ತು. ಸೊನ್ನೆ ನಮ್ಮ ಕಾಗದದಲ್ಲಿ ಮಾತ್ರ. ಉಳಿದ ಲೆಕ್ಕ ಬೇರೆಯವರ ಅಂಗಳದಲ್ಲಿ ಬರೆದಾಗುತ್ತಿದೆ. ಮಾಸ್ಟ್ರು ಬೇಡ ಅನ್ನುವ ಪ್ರತಿಯೊಂದರಲ್ಲೂ ಇದೇ ಕತೆ. ಪಾವಗಡದ ಸೋಲಾರ್ ಪಾರ್ಕಿಗೂ ಸುಮಾರು 13,000 ಎಕರೆ ರೈತರ ಭೂಮಿಯೇ ಹೋದದ್ದು, ಗುತ್ತಿಗೆಗೆ. ಹಾಗಾಗಿ ಯಾರ ಅಂಗಳಕ್ಕೂ ಹೋಗದೆ ನಮ್ಮದೇ ತಲೆ ಮೇಲೆ ಹಾಕಿಕೊಳ್ಳುವ ಕರೆಂಟು ಅಂದರೆ ಟೆರೇಸಿನದ್ದು. ಹುಡುಗಿ ಹವಾಯಿಗೆ ಹೋಗುವ ಬದಲು ಎಲ್ಲೂರಿಗೆ ಹೋಗಿದ್ದರೆ ಯಾರೂ ನಗುತ್ತಿರಲಿಲ್ಲ ಅಂತ ನನ್ನ ಅಂದಾಜು.

ಮೀಟಿಂಗ್ ಮುಗಿದು ಲಿಫ್ಟಿನಲ್ಲಿ ಹೋಗುವಾಗ ಅವಳು ಹಣೆ ಚಚ್ಚಿಕೊಂಡಳು. "ಆಂಟಿ, ಸೊನ್ನೆಗಿಂತ ಕಡಿಮೆ ಬರ್ತದೆ! ನೆಟ್ ಮೀಟರ್ ಹಾಕಿದ್ರೆ ನಾವು ಹೆಚ್ಚು ಕೊಟ್ಟ ಯೂನಿಟ್ಟಿಗೆ ಮೆಸ್ಕಾಂ ನಮಗೇ ದುಡ್ಡು ಕೊಡ್ತದೆ. ಹೇಳ್ಲಿಕ್ಕೇ ನೆನಪಾಗ್ಲಿಲ್ಲ." ನೆನಪಾಗದ್ದು ಒಳ್ಳೆಯದೇ ಆಯಿತು ಅಂದೆ. ಹೇಳಿದ್ದರೆ ಎಂಜಿನಿಯರರು ಯೂನಿಟ್ಟಿಗೆ ಎಷ್ಟು, ಬಡ್ಡಿ ಎಷ್ಟು ಅಂತ ಕಾಗದ ಪೆನ್ನು ತೆಗೆಯುತ್ತಿದ್ದರು. ಆ ಅಂಕದಲ್ಲಿ ಅವರನ್ನು ಸೋಲಿಸಲಿಕ್ಕೆ ಆಗುವುದಿಲ್ಲ.

ಇನ್ನೊಂದು ತಮಾಷೆ ಉಂಟು. ಗೃಹಜ್ಯೋತಿಯಲ್ಲಿ 2022-23ರ ನಮ್ಮ ಸರಾಸರಿ ಬಳಕೆಗೆ ಹತ್ತು ಶೇಕಡಾ ಸೇರಿಸಿದಷ್ಟು ಮಾತ್ರ ಫ್ರೀ. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. ಹಾಗಾಗಿ ಎಂಜಿನಿಯರರು ದಿನಾ ಬೆಳಿಗ್ಗೆ ಪಂಚೆ ಎತ್ತಿ ಕಟ್ಟಿ ಮೀಟರ್ ನೋಡುತ್ತಾರೆ, ತಿಂಗಳ ಕೊನೆಗೆ ಎಸಿಗೆ ಕೈ ಹಾಕಲು ಬಿಡುವುದಿಲ್ಲ. ಇದು ಅವರ ಹೆಂಡತಿಯೇ ನನಗೆ ಹೇಳಿದ್ದು, ಸಂತೋಷದಿಂದ ಹೇಳಿದ್ದಲ್ಲ. ಹುಡುಗಿಯ ಮನೆಯಲ್ಲಿ ಎರಡು ಎಸಿ, ಬೇಸಿಗೆಯಲ್ಲಿ ಎರಡೂ ಓಡುತ್ತವೆ. ಕ್ಲೈಮೇಟ್ ಅಂದರೆ ನಗುವವರು ಕಡಿಮೆ ಕರೆಂಟು ಸುಡುತ್ತಾರೆ, ಅಳುವವರು ಜಾಸ್ತಿ. ಇದಕ್ಕೆ ಏನು ಹೇಳಬೇಕೋ ನನಗೆ ತೋಚಲಿಲ್ಲ. ಯಾವ ಪರಿಸರ ಭಾಷಣ ಮಾಡಿಸದ ಉಳಿತಾಯವನ್ನು ಒಂದು ಸೊನ್ನೆ ಮಾಡಿಸುತ್ತಿದೆ ಅನ್ನುವುದು ಮಾತ್ರ ಕಣ್ಣೆದುರೇ ಇದೆ.

ಕೊನೆಗೆ ಆದದ್ದು ಇಷ್ಟು. ಮೂರು ಕೊಟೇಶನ್ ತರಿಸುವುದು. ನೋಡಲಿಕ್ಕೆ ಒಂದು ಕಮಿಟಿ. ಹಲಸಿನ ಹಪ್ಪಳ ಒಣಗಿಸಲು ಒಂದು ಮೂಲೆ ಬಿಡಬೇಕು ಅಂತ ನಾಲ್ಕನೇ ಮಹಡಿಯವರು ಹಟ ಹಿಡಿದರು, ಒಪ್ಪಿದೆವು. ಟೆರೇಸಿನ ಬಿಸಿಲನ್ನು ಈವರೆಗೆ ಉಪಯೋಗಿಸಿದವರು ಅವರೊಬ್ಬರೇ ಅಲ್ವಾ. ಕಮಿಟಿಗೆ ಹುಡುಗಿ, ಖಜಾಂಚಿ, ಮತ್ತೆ ಬೇರೆ ದಾರಿ ಇಲ್ಲದೆ ಎಂಜಿನಿಯರರು. ಸಮುದ್ರದ ಗಾಳಿಗೆ ಸ್ಟ್ಯಾಂಡು ತುಕ್ಕು ಹಿಡಿಯದ ಹಾಗೆ ಎಂತ ಕಬ್ಬಿಣ ಕೇಳಬೇಕು ಅಂತ ಗೊತ್ತಿರುವವರು ಈ ಬಿಲ್ಡಿಂಗಿನಲ್ಲಿ ಅವರೊಬ್ಬರೇ. ಬುಧವಾರವೇ ಗ್ರೂಪಿನಲ್ಲಿ ಉದ್ದದ ಪಟ್ಟಿ ಹಾಕಿದ್ದಾರೆ. ಸತು ಲೇಪನ ಎಷ್ಟು ದಪ್ಪ ಇರಬೇಕು, ಬೋಲ್ಟು ಯಾವುದು, ಗಾಳಿ ಜೋರಾದರೆ ಹಾರಿ ಹೋಗದ ಹಾಗೆ ತೂಕ ಎಷ್ಟು, ಎಲ್ಲ. ಕೊನೆಯಲ್ಲಿ ಒಂದು ಸಾಲು, ದಪ್ಪ ಅಕ್ಷರದಲ್ಲಿ: ನನ್ನ ವಿರೋಧ ಹಾಗೇ ಇದೆ.

ಮಳೆಗೆ ಮೊದಲು ಆಗದಿದ್ದರೆ ನವರಾತ್ರಿ ಕಳೆದ ಮೇಲೆಯೇ ಅನ್ನುತ್ತಾರೆ ಖಜಾಂಚಿ, ಮಳೆಯಲ್ಲಿ ಟೆರೇಸು ಹತ್ತುವವರು ಯಾರು ಅಂತ. ಹುಡುಗಿಗೆ ಅವಸರ. ನಾನು ಅವಳ ಕಡೆ ಕೈ ಎತ್ತುವವಳು. ಆದರೆ ಆ ಸ್ಟ್ಯಾಂಡಿನ ವಿಷಯದಲ್ಲಿ ಮುದುಕರ ಪಟ್ಟಿಯನ್ನು ಒಂದಕ್ಷರವೂ ಬಿಡದೆ ಕೊಟೇಶನ್ನಿಗೆ ಸೇರಿಸಿ ಅಂತ ಅವಳಿಗೆ ಮೆಸೇಜ್ ಮಾಡಿದ್ದೇನೆ.