ಫೇಡರ್ ಎತ್ತಿದ್ದು ನಾನು, ಕೈ ಬಿಗಿಯಾಗಿದ್ದು ಅವರದ್ದು

ನಾನು ಲಂಡನ್ನಿನಲ್ಲಿ ರೆಕಾರ್ಡಿಂಗ್ ಇಂಜಿನಿಯರ್. ಇಲ್ಲಿಗೆ ಬರುವ ಮುಂಚೆ ಬೆಂಗಳೂರಿನಲ್ಲಿ ಭಾವಗೀತೆ, ಭಕ್ತಿಗೀತೆಗಳ ರೆಕಾರ್ಡಿಂಗ್ ಮಾಡಿಕೊಂಡಿದ್ದೆ. ಅಲ್ಲಿ ತಬಲಾ ಇವತ್ತು, ಕೊಳಲು ನಾಳೆ, ಹಾಡುವವರು ಮುಂದಿನ ವಾರ. ಎಲ್ಲ ಬೇರೆ ಬೇರೆ ಟ್ರ್ಯಾಕ್. ಯಾವುದರ ಫೇಡರ್ (ಸದ್ದು ಹೆಚ್ಚು ಕಡಿಮೆ ಮಾಡುವ ಜಾರುಗುಂಡಿ) ಏರಿಸಬೇಕು, ಯಾವುದರದ್ದು ಇಳಿಸಬೇಕು ಅಂತ ಆಮೇಲೆ ನಾವೇ ಕೂತು ತೀರ್ಮಾನ ಮಾಡುತ್ತಿದ್ದೆವು. ಆ ಅಭ್ಯಾಸ ಇಲ್ಲಿ ಒಂದು ದಿನ ನನಗೆ ಸರಿಯಾಗಿ ಕೈಕೊಟ್ಟಿತು.

ಕೆಲಸ ಪೋಲೆಂಡಿನ ಸಂಗೀತಕಾರ ಶೋಪಾನನ ಎರಡು ಪಿಯಾನೊ ಕನ್ಸರ್ಟೊಗಳದ್ದು, ಅಂದರೆ ಪಿಯಾನೊ ಮುಂದೆ, ಆರ್ಕೆಸ್ಟ್ರಾ ಜೊತೆಗೆ ಇರುವ ಕೃತಿಗಳು. ಆತ ಇವನ್ನು ಬರೆದಾಗ ಇಪ್ಪತ್ತರ ಆಸುಪಾಸಿನ ಹುಡುಗ. ಒಂದು ತಮಾಷೆ ಏನೆಂದರೆ, 'ಎರಡನೆಯದು' ಅಂತ ಕರೆಯುವುದೇ ಮೊದಲು ಬರೆದದ್ದು. ಅಚ್ಚಾಗಿದ್ದು ತಡವಾಯಿತು, ಅಷ್ಟೆ. ಎರಡನ್ನೂ ವಾರ್ಸಾದಲ್ಲಿ 1830ರಲ್ಲೇ ಅವನೇ ನುಡಿಸಿದ. 'ಮೊದಲನೆಯದು' ಅನ್ನುವ ಇ ಮೈನರ್ ಕನ್ಸರ್ಟೊ ಬಂದದ್ದು ಅಕ್ಟೋಬರ್ 11ರಂದು. ಮೊದಲ ಭಾಗ ಮುಗಿದ ಮೇಲೆ ನಡುವೆ ಒಬ್ಬ ಗಾಯಕಿ ಹಾಡಿ ಹೋದರು, ಆಮೇಲೆ ಉಳಿದ ಭಾಗ. ಈಗ ಭಾಗಗಳ ನಡುವೆ ಯಾರಾದರೂ ಕೆಮ್ಮಿದರೂ ನಾವು ಮುಖ ಗಂಟು ಹಾಕುತ್ತೇವೆ.

ನಮ್ಮದು ಚೇಂಬರ್ ಆರ್ಕೆಸ್ಟ್ರಾ. ತಂತಿವಾದ್ಯದವರು ಒಟ್ಟು 20 ಜನ. ಮೊದಲ ಪಿಟೀಲು 6, ಎರಡನೇ ಪಿಟೀಲು 5, ವಿಯೋಲಾ 4, ಚೆಲ್ಲೊ 3, ಡಬಲ್ ಬಾಸ್ 2. ದೊಡ್ಡ ಸಿಂಫನಿ ಆರ್ಕೆಸ್ಟ್ರಾ ಆದರೆ ಮೊದಲ ಪಿಟೀಲಿನವರೇ 14, 16 ಜನ ಇರುತ್ತಾರೆ. ರೆಕಾರ್ಡಿಂಗ್ ನಡೆದದ್ದು ಒಂದು ಹಳೇ ಚರ್ಚಿನಲ್ಲಿ. ಪಾದ್ರಿಗಳು ನಿಲುವಂಗಿ ತೊಡುವ ಪುಟ್ಟ ಕೋಣೆಯೇ ನಮ್ಮ ಕಂಟ್ರೋಲ್ ರೂಮು. ಒಂದು ಮೇಜು, ಎರಡು ಸ್ಪೀಕರ್, ನಾನು, ಪ್ರೊಡ್ಯೂಸರ್.

ಇಂಥ ಕೆಲಸದಲ್ಲಿ ಮುಖ್ಯ ಮೈಕು ಮೂರೇ. ಕೈಸನ್ನೆಯಲ್ಲಿ ತಂಡವನ್ನು ನಡೆಸುವ ಕಂಡಕ್ಟರ್ ತಲೆಯ ಮೇಲೆ, ಎತ್ತರದ ಸ್ಟ್ಯಾಂಡಿನಲ್ಲಿ ನೇತಾಡುತ್ತವೆ. ಇಡೀ ತಂಡ ಮತ್ತು ಚರ್ಚಿನ ಗುಂಯ್ ಎರಡೂ ಅವುಗಳಿಗೆ ಸಿಗುತ್ತದೆ. ಬಾಕಿಯವು ಸ್ಪಾಟ್ ಮೈಕು, ವಾದ್ಯಗಳ ಹತ್ತಿರ ಇಡುವಂಥವು. ಸಾರಿಗೆ ಉಪ್ಪಿನ ಹಾಗೆ, ಸ್ವಲ್ಪವೇ ಸೇರಿಸಬೇಕು. ಮುಖ್ಯ ಮೈಕಿಗಿಂತ ಅವುಗಳಿಗೆ ಸದ್ದು ಬೇಗ ಮುಟ್ಟುತ್ತದೆ. ಎರಡೂ ಕೂಡಿಬರಲಿ ಅಂತ, ದೂರದ ಒಂದು ಮೀಟರಿಗೆ ಸುಮಾರು 3 ಮಿಲಿಸೆಕೆಂಡ್ ಲೆಕ್ಕ ಹಾಕಿ ತಡ ಮಾಡಿಸಬೇಕು. ಅದನ್ನೆಲ್ಲ ನಾನು ಅಚ್ಚುಕಟ್ಟಾಗಿ ಮಾಡಿದ್ದೆ.

ಎಡವಟ್ಟಾಗಿದ್ದು ಇ ಮೈನರ್ ಕನ್ಸರ್ಟೊದ ನಡುವಿನ ಭಾಗದಲ್ಲಿ. ರೊಮಾನ್ಸ್ ಅಂತ ಅದರ ಹೆಸರು. ಅಲ್ಲಿ ಪಿಟೀಲುಗಳೆಲ್ಲ ತಂತಿ ಹೊತ್ತಿರುವ ಕುದುರೆಯ ಮೇಲೆ ಮ್ಯೂಟ್, ಅಂದರೆ ಸದ್ದು ಮೆತ್ತಗಾಗಿಸುವ ಪುಟ್ಟ ತುಂಡು, ಸಿಕ್ಕಿಸಿಕೊಂಡು ನುಡಿಸಬೇಕು. ವಸಂತದ ರಾತ್ರಿ, ಬೆಳದಿಂಗಳು, ಹಾಗಿರಬೇಕು ಅಂತ ಶೋಪಾನ್ ಗೆಳೆಯನಿಗೆ ಕಾಗದದಲ್ಲಿ ಬರೆದಿದ್ದಾನೆ. ಮ್ಯೂಟ್ ಹಾಕಿಸಿದ್ದೇ ಅದಕ್ಕೆ. ಆದರೆ ಸ್ಪೀಕರಿನಲ್ಲಿ ಕೇಳಿದಾಗ ನನಗೆ ತೀರಾ ತೆಳು ಅನ್ನಿಸಿತು. ಆರು ಪಿಟೀಲು, ಅದರ ಮೇಲೆ ಮ್ಯೂಟ್ ಬೇರೆ. ಸುಮ್ನೆ ಇರಲಾಗದೆ ಸ್ಪಾಟ್ ಮೈಕುಗಳನ್ನು ಏರಿಸಿದೆ. ತುಂಬಿ ಬಂತು. ಖುಷಿಯಾಯಿತು.

ಈ ಖಾಯಿಲೆ ನನಗೊಬ್ಬನಿಗೇ ಬಂದದ್ದಲ್ಲ ಬಿಡಿ. ಶೋಪಾನನ ಆರ್ಕೆಸ್ಟ್ರಾ ಬರವಣಿಗೆ ಸೊರಗಿದೆ ಅಂತ ದೂರುವವರು ಮೊದಲಿನಿಂದ ಇದ್ದಾರೆ. ಪಿಯಾನೊ ವಾದಕ ಟೌಸಿಗ್, ರಷ್ಯಾದ ಸಂಗೀತಕಾರ ಬಾಲಾಕಿರೆವ್ ಥರದವರು ಇದೇ ಕನ್ಸರ್ಟೊದ ಆರ್ಕೆಸ್ಟ್ರಾ ಭಾಗವನ್ನೇ ಹೊಸದಾಗಿ ಬರೆದುಬಿಟ್ಟರು. ಅವರು ಪೆನ್ನಿನಲ್ಲಿ ಮಾಡಿದ್ದನ್ನು ನಾನು ಫೇಡರಿನಲ್ಲಿ ಮಾಡಿದೆ.

ಮೂರನೇ ಟೇಕ್ ಆದ ಮೇಲೆ ಪಿಯಾನೊ ನುಡಿಸುವವರು ಪ್ಲೇಬ್ಯಾಕ್ ಕೇಳಲು ಬಂದರು. ಕಣ್ಣು ಮುಚ್ಚಿ ಕೇಳಿದರು. ಈ ಭಾಗದ ಕೊನೆಯಲ್ಲಿ ಒಂದು ಜಾಗವಿದೆ. ರಾಗ ಪಿಟೀಲುಗಳಿಗೆ ಹೋಗುತ್ತದೆ, ಪಿಯಾನೊ ಅದರ ಸುತ್ತ ಸಣ್ಣ ಸಣ್ಣ ಸ್ವರಗಳನ್ನು ಚೆಲ್ಲುತ್ತಾ ಹೋಗುತ್ತದೆ. ಬೆರಳು ಕೀಲಿ ಮುಟ್ಟಿತೋ ಇಲ್ಲವೋ ಅನ್ನುವಷ್ಟು ಹಗುರ. ಆ ಜಾಗ ಬಂದಾಗ ಅವರ ಹುಬ್ಬು ಗಂಟಾಯಿತು. ಏನೂ ಹೇಳದೆ ವಾಪಸ್ ಹೋದರು. ಅದೂ ಅಲ್ಲದೆ ಮೂರನೇ ಟೇಕಿನಲ್ಲಿ ವಿಯೋಲಾದವರ ಕುರ್ಚಿ ಒಂದು ಸಲ ಕಿರ್ ಅಂದಿತ್ತು. ಇದು ಬೇಡ ಅಂತ ನಾನೇ ಗುರುತು ಹಾಕಿದೆ.

ನಾಲ್ಕು, ಐದು, ಆರು. ಪ್ರತಿ ಟೇಕಿನಲ್ಲೂ ಪಿಯಾನೊ ಸ್ವಲ್ಪ ಜಾಸ್ತಿ ಗಟ್ಟಿಯಾಗುತ್ತಾ ಬಂತು. ಏಳನೆಯದರಲ್ಲಿ ಆ ಸಣ್ಣ ಸ್ವರಗಳು ಹೆಂಚಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ ಕೇಳಿದವು. ಪ್ರೊಡ್ಯೂಸರ್ ಪೆನ್ಸಿಲ್ ಕೆಳಗಿಟ್ಟರು. ಮೂವತ್ತು ವರ್ಷ ಇದೇ ಕೆಲಸ ಮಾಡಿದ ಹೆಂಗಸು. "ಯಾಕೆ ಇವರು ಇಷ್ಟು ಒತ್ತಿ ನುಡಿಸುತ್ತಿದ್ದಾರೆ?" ಅಂದರು. ಆಮೇಲೆ ಎದ್ದು ಬಂದು ನನ್ನ ಮಿಕ್ಸರ್ ನೋಡಿದರು. ಒಂದು ಮಾತೂ ಆಡಲಿಲ್ಲ. ಸ್ಪಾಟ್ ಮೈಕಿನ ಫೇಡರುಗಳನ್ನೆಲ್ಲ ಒಂದೇ ಸಲ ಕೆಳಗೆ ಎಳೆದರು.

ಆಗ ನನಗೆ ಹೊಳೆಯಿತು. ಹೊರಗೆ ಚರ್ಚಿನಲ್ಲಿ ಎಲ್ಲವೂ ಸರಿಯಾಗೇ ಇತ್ತು. ಆದರೆ ಪಿಯಾನೊದವರು ಕೇಳಿದ್ದು ನನ್ನ ಮಿಕ್ಸ್. ಅದರಲ್ಲಿ ಪಿಟೀಲುಗಳು ಗೋಡೆಯ ಹಾಗೆ ನಿಂತಿದ್ದವು. ತಾನು ಕೇಳಿಸುತ್ತಿಲ್ಲ ಅಂತ ಅವರು ಒತ್ತಿ ನುಡಿಸಿದರು. ಪಿಯಾನೊ ಜೋರಾಯಿತು ಅಂತ ನಾನು ಪಿಟೀಲುಗಳನ್ನು ಇನ್ನಷ್ಟು ಏರಿಸಿದೆ. ಬೆಂಗಳೂರಿನಲ್ಲಿ ಇದು ಆಗುತ್ತಿರಲಿಲ್ಲ. ನಾನು ಮಿಕ್ಸ್ ಮಾಡುವ ಹೊತ್ತಿಗೆ ತಬಲಾದವರು ಮನೆಗೆ ಹೋಗಿ ಊಟ ಮುಗಿಸಿರುತ್ತಿದ್ದರು!

ಮೂರು ಗಂಟೆಯ ಸೆಷನ್ನಿನಲ್ಲಿ ಉಳಿದಿದ್ದು ಹೆಚ್ಚೆಂದರೆ ಮುಕ್ಕಾಲು ಗಂಟೆ. ಪಿಯಾನೊದವರನ್ನು ಕರೆಸಿ, ಅದೇ ಮೂರನೇ ಟೇಕನ್ನು ಬರೀ ಮೂರು ಮೈಕಿನಲ್ಲಿ ಕೇಳಿಸಿದೆವು. ಅವರು ಪೂರ್ತಿ ಕೇಳಿ, "ಇದು ಚೆನ್ನಾಗೇ ಇತ್ತಲ್ಲ, ಮತ್ಯಾಕೆ ನಾನು ಇಷ್ಟು ಹೊತ್ತು ಒದ್ದಾಡಿದೆ?" ಅಂದರು. ಪ್ರೊಡ್ಯೂಸರ್ ಕಿಟಕಿ ಕಡೆ ನೋಡಿದರು. ತಪ್ಪು ನನ್ನದು ಅಂತ ನಾನೇ ಹೇಳಿದೆ. ಹೇಳುವಾಗ ಕಿವಿ ಬಿಸಿಯಾಗಿತ್ತು.

ಈಗ ಸ್ಪಾಟ್ ಮೈಕು ಎಲ್ಲ ರೆಕಾರ್ಡ್ ಆಗುತ್ತವೆ, ಆದರೆ ಮೊದಲ ಪ್ಲೇಬ್ಯಾಕಿನಲ್ಲಿ ಅವುಗಳ ಫೇಡರ್ ಮುಟ್ಟುವುದಿಲ್ಲ. ನುಡಿಸಿದವರು ಮೊದಲು ಚರ್ಚಿನಲ್ಲಿದ್ದ ಸದ್ದನ್ನೇ ಕೇಳಲಿ. ಏನಾದರೂ ಕಮ್ಮಿ ಅಂತ ಅವರು ಹೇಳಿದರೆ ಆಮೇಲೆ ನೋಡೋಣ.

ಆ ಕೊನೆಯ ಜಾಗಕ್ಕೆ ನಾವು ಬಳಸಿದ್ದು ಮೂರನೇ ಟೇಕನ್ನೇ. ಕುರ್ಚಿ ಕಿರ್ ಅಂದದ್ದು ಸ್ಪಾಟ್ ಮೈಕಿನಲ್ಲಿ ಎದ್ದು ಕೇಳುತ್ತಿತ್ತು, ಮೇಲಿನ ಮೂರು ಮೈಕಿನಲ್ಲಿ ಚರ್ಚಿನ ಗುಂಯ್‌ನೊಳಗೆ ಕರಗಿಹೋಗಿತ್ತು. ಸಿ.ಡಿ. ಬಂದ ದಿನ ಹೆಂಡತಿಗೆ ಹೆಡ್‌ಫೋನ್ ಹಾಕಿ, "ಇಲ್ಲೇ, ಈಗ ಬಂತು ನೋಡು" ಅಂದೆ.

"ಏನು ಬಂತು?" ಅಂದಳು.