ನಾರ್ವೆ ನೋಡೋಕೆ ಕಾರು ಬೇಕೇ ಬೇಕಾ?

ಹೋದ ವರ್ಷ ಜೂನ್‌ನಲ್ಲಿ ಅಮ್ಮನನ್ನು ಕರೆದುಕೊಂಡು ನಾರ್ವೆಗೆ ಹೋಗಿ ಬಂದೆ. ಆವತ್ತಿನಿಂದ ಸಿಕ್ಕವರೆಲ್ಲ ಕೇಳುವುದು ಒಂದೇ. "ಕಾರ್ ತಗೊಳ್ಳದೆ ಬರೀ ರೈಲಲ್ಲೇ ಓಡಾಡಿದ್ರಾ? ಹಾಗೆ ಹೋದ್ರೆ ಏನು ಕಾಣುತ್ತೆ?"

ಕಾಣುತ್ತದೆ, ಕಾರಿಗಿಂತ ಜಾಸ್ತಿಯೇ. ಕಾರಿನಲ್ಲಿ ಸ್ಟೀರಿಂಗ್ ಹಿಡಿದವರಿಗೆ ಕಾಣುವುದು ಮುಂದಿನ ತಿರುವು ಮಾತ್ರ. ನಮ್ಮಿಬ್ಬರಲ್ಲಿ ಸ್ಟೀರಿಂಗ್ ಹಿಡಿಯಬೇಕಾದವಳು ನಾನೇ, ಅದಕ್ಕೇ ಬೇಡ ಅಂದೆ.

ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಲ್ಲಿನ ಹಳಿಗಳು ಓಸ್ಲೋದಿಂದ ಬೆರಳು ಚಾಚಿದ ಹಾಗಿವೆ. ಒಂದು ಬರ್ಗೆನ್‌ಗೆ, ಒಂದು ಸ್ಟಾವಾಂಗರ್‌ಗೆ, ಒಂದು ಟ್ರೋಂಡ್‌ಹೈಮ್‌ಗೆ. ಒಂದು ಬೆರಳ ತುದಿಯಿಂದ ಇನ್ನೊಂದರ ತುದಿಗೆ ಹಳಿ ಇಲ್ಲ. ಬರ್ಗೆನ್‌ನಿಂದ ಸ್ಟಾವಾಂಗರ್‌ಗೆ ನೇರ ಹೋಗಬೇಕಂದರೆ ಬಸ್ಸೋ ಹಡಗೋ ಹತ್ತಬೇಕು. ಟ್ರೋಂಡ್‌ಹೈಮ್‌ನಿಂದ ಇನ್ನೊಂದು ರೈಲು 729 ಕಿ.ಮೀ. ಓಡಿ, ಆರ್ಕ್ಟಿಕ್ ವೃತ್ತ ದಾಟಿ ಬೋಡೋ ಮುಟ್ಟುತ್ತದೆ. ಲೋಫೋಟೆನ್ ದ್ವೀಪಗಳಿಗಂತೂ ರೈಲೇ ಇಲ್ಲ. ನಿಮ್ಮ ಮನಸ್ಸು ಅಲ್ಲೇ ನೆಟ್ಟಿದ್ದರೆ ಕಾರೇ ತೆಗೆದುಕೊಳ್ಳಿ, ನನ್ನ ಜೊತೆ ಜಗಳ ಬೇಡ.

ಇಲ್ಲವಾದರೆ ಓಸ್ಲೋದಿಂದ ಬರ್ಗೆನ್ ರೈಲು ಹತ್ತಿ. ಎಡಗಡೆ ಕಿಟಕಿ ಹಿಡಿಯಿರಿ. 1909ರಲ್ಲಿ ಶುರುವಾದ ದಾರಿ ಇದು, ಆರೂವರೆ ಏಳು ಗಂಟೆಯ ಪಯಣ. 2009ರಲ್ಲಿ ಇದಕ್ಕೆ ನೂರು ತುಂಬಿದಾಗ ಅಲ್ಲಿನ ಸರಕಾರಿ ಟಿವಿಯವರು ರೈಲಿಗೆ ಕ್ಯಾಮೆರಾ ಕಟ್ಟಿ ಇಡೀ ಪಯಣವನ್ನು ಹಾಗ್ಹಾಗೇ ತೋರಿಸಿದರು. ಐವತ್ತು ಲಕ್ಷವೂ ಇಲ್ಲದ ದೇಶದಲ್ಲಿ ಸುಮಾರು 12 ಲಕ್ಷ ಜನ ಅದನ್ನು ಸ್ವಲ್ಪವಾದರೂ ನೋಡಿದರಂತೆ. ಮೊದಲು ಕೇಳಿದಾಗ ಇವರಿಗೆ ಬೇರೆ ಕೆಲಸ ಇಲ್ವಾ ಅನ್ನಿಸಿತ್ತು.

ಮೊದಲ ಎರಡು ಗಂಟೆ ಕಾಡು, ಕೆರೆ, ಕೆಂಪು ಬಣ್ಣದ ಮರದ ಮನೆಗಳು. ಚೆನ್ನಾಗಿದೆ, ಆದರೆ ಒಂದು ನಿದ್ದೆ ತೆಗೆಯಬಹುದು. ಯೈಲೋ ದಾಟಿದ ಮೇಲೆ ಮರಗಳು ಕುಳ್ಳಾಗುತ್ತಾ ಬಂದು ಒಂದು ಕಡೆ ನಿಂತೇ ಹೋಗುತ್ತವೆ. ಆಮೇಲೆ ಬರೀ ಕಲ್ಲು, ಹಿಮ, ನೀರು. ಫಿನ್ಸೆ ಬಂದಾಗ 1,222 ಮೀಟರ್ ಎತ್ತರದಲ್ಲಿರುತ್ತೀರಿ. ದೇಶದ ಅತಿ ಎತ್ತರದ ರೈಲು ನಿಲ್ದಾಣ ಅದು. ಅಲ್ಲಿಗೆ ಕಾರು ಹೋಗುವ ರಸ್ತೆಯೇ ಇಲ್ಲ! ಕಾರಿನ ಪ್ರಶ್ನೆ ಕೇಳುವವರಿಗೆ ನಾನು ಮೊದಲು ಹೇಳುವ ಹೆಸರು ಇದೇ.

ನಾವು ಟಿಕೆಟ್ಟನ್ನು ಎರಡು ತುಂಡಾಗಿ ತೆಗೆದುಕೊಂಡು ಫಿನ್ಸೆಯಲ್ಲಿ ಇಳಿದೆವು. ಮುಂದಿನ ರೈಲಿಗೆ ಮೂರು ಗಂಟೆ ಇತ್ತು. ನಿಲ್ದಾಣದ ಪಕ್ಕದಲ್ಲೇ ಕೆರೆ, ಜೂನ್ ಮೊದಲ ವಾರದಲ್ಲೂ ಹೆಪ್ಪುಗಟ್ಟಿತ್ತು. ಅದರಾಚೆ ಹಿಮನದಿ. ಅಮ್ಮ ಸೀರೆ ಮೇಲೆ ಸ್ವೆಟರ್, ಅದರ ಮೇಲೆ ನನ್ನ ಜಾಕೆಟ್, ಕಾಲಿಗೆ ವಾಕಿಂಗ್ ಶೂ ಹಾಕಿಕೊಂಡು ದಡದಲ್ಲಿ ನಿಂತರು. "ಏನೇ ಇದು, ಇಷ್ಟು ಸದ್ದಿಲ್ಲ? ಕಿವಿ ಕಟ್ಟಿಕೊಂಡ ಹಾಗಾಗ್ತಿದೆ" ಅಂದರು. ಆಮೇಲೆ ಬೆಂಚಿನ ಮೇಲೆ ಕೂತು ಡಬ್ಬಿ ತೆಗೆದೆವು. ಚಪಾತಿ ಚಳಿಗೆ ರಟ್ಟಿನ ಹಾಗಾಗಿತ್ತು. ಚಟ್ನಿಪುಡಿಗೆ ಕಲಸಿದ್ದ ತುಪ್ಪ ಗಟ್ಟಿಯಾಗಿ ಕೂತಿತ್ತು. ಅದನ್ನೇ ಉಗುರಲ್ಲಿ ಕೆರೆದು ತಿಂದೆವು.

ಫಿನ್ಸೆ ಬಿಟ್ಟ ತಕ್ಷಣ ಹತ್ತು ಕಿಲೋಮೀಟರಿನ ಸುರಂಗ. ಈ ದಾರಿಯ ಅತಿ ಎತ್ತರದ ಜಾಗ, 1,237 ಮೀಟರ್, ಆ ಸುರಂಗದ ಒಳಗೇ ಇದೆ. ಅಂದರೆ ನೋಡೋಕೆ ಬರೀ ಕತ್ತಲೆ!

ಮುಂದೆ ಮಿರ್ಡಾಲ್‌ನಲ್ಲಿ ರೈಲು ಬದಲಿಸಿದರೆ ಫ್ಲೋಮ್ ಅನ್ನುವ ಊರಿಗೆ ಇಳಿಯಬಹುದು. ಎಲ್ಲರೂ ಫೋಟೋ ಹಾಕುವುದು ಈ ದಾರಿಯದ್ದೇ. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ 57 ಸುರಂಗ ಇವೆ, ಇಲ್ಲಿ ಇಪ್ಪತ್ತೇ. ಆದರೆ ನಮ್ಮಲ್ಲಿ ತುಂಬಾ ಕಡಿದಾದ ಕಡೆಯೂ ಐವತ್ತು ಅಡಿ ಹೋದರೆ ಒಂದಡಿ ಇಳಿಯುತ್ತೇವೆ, ಇಲ್ಲಿ ಹದಿನೆಂಟಕ್ಕೇ ಒಂದಡಿ. ಇಪ್ಪತ್ತು ಕಿಲೋಮೀಟರಿನಲ್ಲಿ 860 ಮೀಟರಿಗೂ ಜಾಸ್ತಿ ಇಳಿದು ಸಮುದ್ರದ ಮಟ್ಟಕ್ಕೆ ಬರುತ್ತದೆ. ಹಲ್ಲಿನ ಗಾಲಿಯಿಲ್ಲ, ಎಳೆಯುವ ಹಗ್ಗವಿಲ್ಲ, ಮಾಮೂಲಿ ಹಳಿಯೇ. ನಡುವೆ ಒಂದು ಜಲಪಾತದ ಹತ್ತಿರ ರೈಲು ನಿಲ್ಲಿಸುತ್ತಾರೆ. ಬೇಸಿಗೆಯಲ್ಲಿ ಕೆಂಪು ಉಡುಪಿನ ಹೆಂಗಸೊಬ್ಬಳು ಬಂಡೆಗಳ ನಡುವೆ ಬಂದು ಹಾಡಿಗೆ ಕುಣಿಯುತ್ತಾಳೆ. ಅವರ ಜನಪದ ಕಥೆಗಳಲ್ಲಿ ಬರುವ, ಗಂಡಸರನ್ನು ಮರುಳು ಮಾಡುವ ಕಾಡಿನ ಮೋಹಿನಿಯಂತೆ. ಅಮ್ಮನ ಪ್ರಶ್ನೆ: "ಪ್ರತಿ ರೈಲಿಗೂ ಹಿಂಗೇ ಕುಣೀಬೇಕಾ ಪಾಪ?" ನನಗೆ ಫ್ಲೋಮ್ ಅಷ್ಟಕ್ಕಷ್ಟೇ. ತುಂಬಾ ಜನ.

ಊರುಗಳ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ರೈಲಿನ ಲಾಭ ಅಂದರೆ ನಿಲ್ದಾಣಗಳು ಊರ ನಡುವೆಯೇ ಇವೆ. ಓಸ್ಲೋದಲ್ಲಿ ಇಳಿದು ಸ್ವಲ್ಪ ನಡೆದರೆ ಒಪೆರಾ ಹೌಸ್, ಅದರ ಚಾವಣಿ ಮೇಲೆ ಯಾರು ಬೇಕಾದರೂ ಹತ್ತಬಹುದು. ಬರ್ಗೆನ್‌ನಲ್ಲಿ ಛತ್ರಿ ಇಟ್ಟುಕೊಳ್ಳಿ. ಆಗುಂಬೆ ನೋಡಿದವರಿಗೆ ಅಲ್ಲಿನ ಮಳೆ ದೊಡ್ಡದಲ್ಲ, ಆದರೆ ನಿಲ್ಲುವುದೂ ಇಲ್ಲ.

ಟಿಕೆಟ್ ಮೊದಲೇ ತೆಗೆದರೆ ಅಗ್ಗ, ಕೊನೆಗೆ ತೆಗೆದರೆ ಕೈ ಸುಡುತ್ತದೆ. ಇನ್ನೊಂದು, "ಬುಸ್ ಫೋರ್ ತೋಗ್" ಅನ್ನುವ ಮಾತು ಕಲಿತುಕೊಳ್ಳಿ. ರೈಲಿನ ಬದಲು ಬಸ್ಸು ಅಂತ ಅರ್ಥ. ಹಳಿ ರಿಪೇರಿಯನ್ನು ಅವರು ಬೇಸಿಗೆಯಲ್ಲೇ ಇಟ್ಟುಕೊಳ್ಳುವುದು ಜಾಸ್ತಿ. ಟ್ರೋಂಡ್‌ಹೈಮ್ ದಾರಿಯಲ್ಲಿ ನಮ್ಮನ್ನು ಇಳಿಸಿ ಎರಡು ಗಂಟೆ ಬಸ್ಸಿನಲ್ಲಿ ಕೂರಿಸಿದರು. ಮೊದಲೇ ಮೆಸೇಜ್ ಬಂದಿತ್ತು, ನಾರ್ವೇಜಿಯನ್ ಭಾಷೆಯಲ್ಲಿ. ನಾನು ಯಾವುದೋ ಜಾಹೀರಾತು ಅಂದುಕೊಂಡು ಅಳಿಸಿದ್ದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದೇ ಟ್ರೋಂಡ್‌ಹೈಮ್ ದಾರಿಯ ಡೊಂಬೋಸ್‌ನಿಂದ ಕವಲೊಡೆಯುವ ರೌಮಾ ಲೈನು. 1924ರದು, ಬರೀ 114 ಕಿ.ಮೀ. ಒಂದು ಕಲ್ಲಿನ ಸೇತುವೆ ಮೇಲೆ ರೈಲು ನಿಧಾನವಾಗುತ್ತದೆ, ಕೆಳಗೆ ಹಸಿರು ಬಣ್ಣದ ಹೊಳೆ. ಆಮೇಲೆ ಸಾವಿರ ಮೀಟರಿಗೂ ಎತ್ತರದ ಟ್ರೋಲ್ ಗೋಡೆ ಅನ್ನುವ ಕಲ್ಲುಬಂಡೆ ನೆಟ್ಟಗೆ ಎದ್ದು ನಿಲ್ಲುತ್ತದೆ. ತುದಿ ನೋಡೋಕೆ ಅಮ್ಮ ಕಿಟಕಿಗೆ ಕೆನ್ನೆ ಒತ್ತಿ ಕತ್ತು ಎತ್ತಿದರು, ಆದರೂ ಕಾಣಲಿಲ್ಲ. ಓಂಡಾಲ್ಸ್‌ನೆಸ್‌ನಲ್ಲಿ ಹಳಿ ಮುಗಿಯುತ್ತದೆ. ಬಂದ ದಾರಿಯಲ್ಲೇ ವಾಪಸ್ ಹೋಗಬೇಕು ಅಂತ ಹೇಳಲು ನನಗೆ ಮುಜುಗರ. ಅಮ್ಮ ಕೇಳಿದ್ದು ಇಷ್ಟೇ: "ಈ ಸಲ ಆ ಕಡೆ ಕಿಟಕಿ ಸಿಗುತ್ತಾ ನೋಡು."